ಮೆಡ್ಗರ್ ಎವರ್ಸ್ ಹಂತಕನಿಗೆ ಶಿಕ್ಷೆಯಾಗಲು 31 ವರ್ಷ ಹಿಡಿದದ್ದೇಕೆ?

ಸಾಕ್ಷ್ಯ ಇಲ್ಲದೆ ಅಲ್ಲ. ತೀರ್ಪು ಹೇಳಬೇಕಾದ ಜ್ಯೂರಿಯಲ್ಲಿ (ನಾಗರಿಕರಿಂದ ಆಯ್ದ ಹನ್ನೆರಡು ಜನರ ಮಂಡಳಿ) ಕೇವಲ ಬಿಳಿಯ ಗಂಡಸರು ಇದ್ದದ್ದರಿಂದ.

ಎವರ್ಸ್ ಅಮೆರಿಕದ ಮಿಸಿಸಿಪ್ಪಿಯಲ್ಲಿ ಕಪ್ಪುಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದವರು. 1963ರ ಜೂನ್ 12ರ ನಡುರಾತ್ರಿ ಕಳೆದ ಮೇಲೆ, ಜ್ಯಾಕ್ಸನ್ ನಗರದ ತಮ್ಮ ಮನೆಯಂಗಳದಲ್ಲಿ ಕಾರಿನಿಂದ ಇಳಿದಾಗ ಬೆನ್ನಿಗೆ ಗುಂಡು ಬಿತ್ತು. ಹತ್ತಿರದ ಪೊದೆಯಲ್ಲಿ ರೈಫಲ್ ಸಿಕ್ಕಿತು. ಅದರ ದೂರದರ್ಶಕದ ಮೇಲೆ ವರ್ಣದ್ವೇಷಿ ಬೈರನ್ ಡಿ ಲಾ ಬೆಕ್‌ವಿತ್‌ನ ಬೆರಳಚ್ಚು ಇತ್ತು. ಇನ್ನೇನು ಬೇಕಿತ್ತು?

ಆದರೆ ಅಲ್ಲಿ ಜ್ಯೂರಿಗೆ ಮತದಾರರನ್ನಷ್ಟೇ ಆರಿಸುತ್ತಿದ್ದರು. ಕಪ್ಪುಜನರನ್ನು ಪರೀಕ್ಷೆ, ತೆರಿಗೆ, ಬೆದರಿಕೆಗಳಿಂದ ಆ ಪಟ್ಟಿಯಿಂದಲೇ ದೂರವಿಟ್ಟಿದ್ದರು. ಎವರ್ಸ್ ಯಾವ ಅನ್ಯಾಯದ ವಿರುದ್ಧ ಹೋರಾಡಿದರೋ ಅದೇ ಅನ್ಯಾಯ ಅವರ ಹಂತಕನನ್ನು ಕಾಪಾಡಿತು. 1964ರ ಎರಡೂ ವಿಚಾರಣೆಗಳಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಬೆಕ್‌ವಿತ್ ಮನೆಗೆ ಹೋದ.

ಜನಾಂಗೀಯ ಪ್ರತ್ಯೇಕತೆಯನ್ನು ಉಳಿಸಲೆಂದೇ ಇದ್ದ ಸರ್ಕಾರಿ ಆಯೋಗವೊಂದು ಜ್ಯೂರಿ ಆಯ್ಕೆಯಲ್ಲಿ ಆರೋಪಿಯ ವಕೀಲರಿಗೆ ಗುಟ್ಟಾಗಿ ನೆರವಾಗಿತ್ತೆಂದು 1989ರಲ್ಲಿ ಬಯಲಾಯಿತು. ಪತ್ನಿ ಮರ್ಲಿ ಎವರ್ಸ್ ಪಟ್ಟು ಬಿಡಲಿಲ್ಲ. ಎಂಟು ಕಪ್ಪುಜನರು, ನಾಲ್ವರು ಬಿಳಿಯರಿದ್ದ ಜ್ಯೂರಿ 1994ರ ಫೆಬ್ರವರಿಯಲ್ಲಿ ಬೆಕ್‌ವಿತ್ ತಪ್ಪಿತಸ್ಥನೆಂದಿತು. ಜೀವಾವಧಿ ಶಿಕ್ಷೆಯಾಯಿತು.