ಮಗಳಿಗೆ ಈಗಲೇ ಹೇಳಿಬಿಡಿ
ಏಳು ವರ್ಷದ ಮಗಳಿಗೆ ದೇಶ ಬಿಡುವ ವಿಷಯ ಕೊನೇ ವಾರ ಹೇಳಿದರೆ ಸಾಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹೇಳಿ. ನಾವು ತಡ ಮಾಡಿದ್ದೆವು. ಮಗ ಗೆಳೆಯನ ಜೊತೆ ಮಾತು ಬಿಟ್ಟಿದ್ದ, ಹಾಗೇ ವಿಮಾನ ಹತ್ತಿದೆವು. ಆ ಹುಡುಗನ ನೀಲಿ ಪೆನ್ಸಿಲ್ ಇನ್ನೂ ಇವನ ಡಬ್ಬಿಯಲ್ಲೇ ಇದೆ, ತುದಿ ಕಚ್ಚಿದ ಗುರುತಿನ ಸಮೇತ.

ಇಂಥ ಕುಟುಂಬಗಳ ಜೊತೆ ಕೆಲಸ ಮಾಡಿದ ಡೇವಿಡ್ ಪೊಲಾಕ್ ಒಂದು ಕ್ರಮ ಹೇಳಿದ್ದರು: ಮೊದಲು ಮುನಿಸು ತೀರಿಸಿಕೊಳ್ಳಿ, ಪ್ರೀತಿ ತೋರಿದವರಿಗೆ ಥ್ಯಾಂಕ್ಸ್ ಹೇಳಿ, ಆಮೇಲೆ ವಿದಾಯ, ಕೊನೆಗೆ ಹೋಗುವ ಜಾಗದ ಯೋಚನೆ. ವಿದಾಯ ಬರೀ ಜನರಿಗಲ್ಲ. ಅವಳ ಕೋಣೆಗೆ, ಆಡುವ ಜಾಗಕ್ಕೆ, ಬಿಟ್ಟುಹೋಗುವ ಗೊಂಬೆಗೂ ಟಾಟಾ ಹೇಳಲಿ. ಅತ್ತರೆ 'ಅಲ್ಲಿ ಹೊಸ ಫ್ರೆಂಡ್ಸ್ ಸಿಗ್ತಾರೆ' ಅಂತ ಸುಮ್ನೆ ಬಾಯಿ ಮುಚ್ಚಿಸಬೇಡಿ. ಪಕ್ಕದಲ್ಲಿ ಕೂತುಕೊಳ್ಳಿ.