ಅಳತೆ ವಿಜ್ಞಾನ: ಪಿಎಚ್‌ಡಿ ನಂತರ ಎಲ್ಲಿಗೆ?

ಪ್ರಶ್ನೆ: ಭತ್ತದ ತೇವಾಂಶ ಅಳೆಯುವ ಸೆನ್ಸರ್ ಬಗ್ಗೆ ಪಿಎಚ್‌ಡಿ ಮುಗಿಸಿದ್ದೇನೆ. ಅಮೆರಿಕದ ರಾಷ್ಟ್ರೀಯ ಅಳತೆ ಸಂಸ್ಥೆ ನಿಸ್ಟ್‌ನಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಸಿಗುವುದೇ?
– ಓದುಗರು, ಸಿಂಧನೂರು

ಉತ್ತರ: ನಿಸ್ಟ್‌ನ ಪೋಸ್ಟ್‌ಡಾಕ್ ಯೋಜನೆಯಾದ ಎನ್‌ಆರ್‌ಸಿ ಫೆಲೋಶಿಪ್ ಅಮೆರಿಕದ ಪ್ರಜೆಗಳಿಗೆ ಮಾತ್ರ, ಅದಕ್ಕಾಗಿ ತಿಂಗಳುಗಟ್ಟಲೆ ಕಳೆಯಬೇಡಿ. ಹೊರದೇಶದವರಿಗೆ ಅತಿಥಿ ಸಂಶೋಧಕರಾಗಿ ಹೋಗುವ ದಾರಿ ಇದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ, ಜರ್ಮನಿಯ ರಾಷ್ಟ್ರೀಯ ಅಳತೆ ಸಂಸ್ಥೆ ಪಿಟಿಬಿ ಎರಡನ್ನೂ ನೋಡಿ. ಅರ್ಜಿಗೆ ಮೊದಲೇ ಅಲ್ಲಿನ ವಿಜ್ಞಾನಿಯೊಬ್ಬರಿಗೆ ಒಂದು ಪುಟದ ಯೋಜನೆ ಕಳಿಸಿ, ಅವರ ಒಪ್ಪಿಗೆ ಪಡೆಯಿರಿ.

ಯೋಜನೆ ಸೋಲುವುದು ಹೆಚ್ಚಾಗಿ ಅನಿಶ್ಚಿತತೆಯ, ಅಂದರೆ ಅಳತೆ ಎಷ್ಟು ತಪ್ಪಿರಬಹುದು ಎಂಬ ಲೆಕ್ಕದಲ್ಲಿ. ಮೀಟರ್ ತೇವಾಂಶ ಶೇ 14.0 ಎಂದು ತೋರಿಸಿದ ಮಾತ್ರಕ್ಕೆ ಅದು 0.1ರ ಮಟ್ಟಕ್ಕೆ ನಿಖರ ಎಂದಲ್ಲ. ಕಣದ ಬಿಸಿಲಲ್ಲಿ ಕಾದ ಭತ್ತಕ್ಕೆ ತಾಪಮಾನದ ತಿದ್ದುಪಡಿ ಇಲ್ಲದ ಕೆಪಾಸಿಟೆನ್ಸ್ ಮೀಟರ್ (ಕಾಳಿನ ವಿದ್ಯುತ್ ಗುಣದಿಂದ ತೇವ ಅಳೆಯುವ ಸಾಧನ) ಹೆಚ್ಚು ತೇವ ತೋರಿಸುತ್ತದೆ. ಅದೇ ಮಾದರಿಯನ್ನು ಓವನ್‌ನಲ್ಲಿ ಒಣಗಿಸಿ ತೂಗಿ, ವ್ಯತ್ಯಾಸವನ್ನು ಅದರ ಅನಿಶ್ಚಿತತೆಯೊಂದಿಗೆ ಶೇ 95 ವಿಶ್ವಾಸ ಮಟ್ಟದಲ್ಲಿ ಬರೆಯಿರಿ. ಆ ಒಂದು ಕೋಷ್ಟಕ ಹತ್ತು ಪ್ರಮಾಣಪತ್ರಗಳಿಗಿಂತ ಗಟ್ಟಿ.