ಹಳೇ ಸೀರೆಯಿಂದ ಮಗುವಿಗೆ ಕೌದಿ: ಎಷ್ಟು ಬಟ್ಟೆ, ಹೇಗೆ ಹೊಲಿಗೆ, ಉಬ್ಬೋದು ಯಾಕೆ

ದಾವಣಗೆರೆಯಲ್ಲಿರೋ ತಂಗಿಗೆ ಜನವರಿಯಲ್ಲಿ ಹೆರಿಗೆ. ಮಗುವಿಗೆ ಉಲ್ಲನ್ ಸ್ವೆಟರ್ ಹೆಣೆಯಲಾ, ಅವ್ವನ ಹಳೇ ಕಾಟನ್ ಸೀರೆಗಳಲ್ಲಿ ಕೌದಿ ಹೊಲಿಯಲಾ ಅಂತ ಕೇಳಿದ್ದೀರಿ. ಕೌದಿಗೆ ಎಷ್ಟು ಸೀರೆ ಬೇಕು, ಹಿಂದೆ ಹೊಲಿದದ್ದು ನಡುವೆ ಉಬ್ಬಿಕೊಂಡಿದ್ದು ಯಾಕೆ ಅನ್ನೋದೂ ನಿಮ್ಮ ಪ್ರಶ್ನೆ.

ಕೌದಿನೇ ಹೊಲಿಯಿರಿ. ದಾವಣಗೆರೆಯಲ್ಲಿ ಸ್ವೆಟರ್ ಬೇಕಾಗೋದು ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೆ ಮಾತ್ರ. ಶಿವರಾತ್ರಿ ಕಳೆದರೆ ಅದು ಬೀರು ಸೇರುತ್ತೆ, ಮುಂದಿನ ಚಳಿಗೆ ಮಗುವಿಗೆ ಹಿಡಿಸೋದಿಲ್ಲ. ಹೆಣೆಯೋ ಆಸೆ ಇದ್ದರೆ ಜೊತೆಗೊಂದು ಕುಲಾವಿ ಮಾಡಿ, 40 ಗ್ರಾಂ ಉಲ್ಲನ್ ಸಾಕು. ಚಳ್ಳಕೆರೆ ಕಂಬಳಿ ದೊಡ್ಡವರಿಗೆ ಬಲು ಒಳ್ಳೇದು, ಆದರೆ ಆ ಉಣ್ಣೆ ಎಳೇ ಮೈಗೆ ಚುಚ್ಚುತ್ತೆ. ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಗೆ ಸಮನಾದ್ದು ಅಂಗಡಿಯಲ್ಲಿ ಸಿಗೋದಿಲ್ಲ.

ಎಳೇ ಮಗುವಿನ ಕೌದಿಗೆ ಒಂದೇ ಸೀರೆ ಸಾಕು. ಸೀರೆ ಸುಮಾರು ಐದೂವರೆ ಮೀಟರ್, ಅಂದರೆ 216 ಇಂಚು. ಅಗಲ 45 ಇಂಚು. ಮೊದಲು ಫಾಲ್ ಬಿಚ್ಚಿ ತೆಗೆಯಿರಿ. ಎರಡೂ ಕಡೆಯ ಅಂಚನ್ನು ಎರಡೂವರೆ ಇಂಚಿನ ಪಟ್ಟಿಯಾಗಿ ಕತ್ತರಿಸಿ ಎತ್ತಿಡಿ. ಉಳಿದ 40 ಇಂಚು ಅಗಲದ ಬಟ್ಟೆಯಲ್ಲಿ 36 ಇಂಚಿನ ಆರು ತುಂಡು ಬರುತ್ತೆ. ನಿಮಗೆ ಬೇಕಾದ್ದು ನಾಲ್ಕು: ಮೇಲೊಂದು, ಕೆಳಗೊಂದು, ಒಳಗೆ ಎರಡು. ಸೊಂಟಕ್ಕೆ ಸಿಕ್ಕಿಸೋ ಜಾಗ, ನೆರಿಗೆಯ ಕೆಳಭಾಗ ಸವೆದಿರುತ್ತೆ, ಆ ಎರಡು ತುಂಡು ಬಿಟ್ಟುಬಿಡಿ. ಹೆಚ್ಚು ಪದರ ಹಾಕಿದರೆ ಮೆತ್ತಗಾಗುತ್ತೆ ಅಂದುಕೊಳ್ಳಬೇಡಿ. ಸೂಜಿ ಇಳಿಯೋದಿಲ್ಲ, ಹೊಲಿಗೆ ಉದ್ದವಾಗುತ್ತೆ, ತೊಳೆದರೆ ಎರಡು ದಿನವಾದರೂ ಒಳಗೆ ಒಣಗೋದಿಲ್ಲ.

ಬಟ್ಟೆ ಬೆಳಕಿಗೆ ಹಿಡಿದು ನೋಡಿ, ಎರಡು ಹೆಬ್ಬೆರಳಿನಿಂದ ಜಗ್ಗಿ ನೋಡಿ. ಚರ್ ಅಂದರೆ ಅದರ ಆಯಸ್ಸು ಮುಗಿದಿದೆ, ಒಳಪದರಕ್ಕೂ ಬೇಡ. ಒಳಗೆ ಹರಿದು ಗಂಟುಗಂಟಾಗಿ ಕೂರುತ್ತೆ. ಕಾಟನ್ ಹೌದೋ ಅಲ್ಲವೋ ಅನುಮಾನ ಇದ್ದರೆ ನಾಲ್ಕು ಎಳೆ ಕಿತ್ತು ಸುಟ್ಟು ನೋಡಿ: ಹತ್ತಿ ಬೂದಿಯಾಗುತ್ತೆ, ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತೆ. ಇಳಕಲ್ ಸೀರೆಯಾದರೆ ರೇಷ್ಮೆ ಸೆರಗು ಬಿಟ್ಟು ಹತ್ತಿಯ ಒಡಲು ಮಾತ್ರ ತಗೊಳ್ಳಿ. ಮೊಳಕಾಲ್ಮೂರು ರೇಷ್ಮೆ ಎಷ್ಟೇ ಹಳೇದಾದರೂ ಕೌದಿಗೆ ಹಾಕಬೇಡಿ. ರೇಷ್ಮೆ ಜಾರುತ್ತೆ, ಜರಿ ಎದ್ದು ಚುಚ್ಚುತ್ತೆ.

ಕತ್ತರಿಸೋ ಮೊದಲು ಬಿಸಿ ನೀರಲ್ಲಿ ತೊಳೆದು, ಗಂಜಿ ಇದ್ದರೆ ಪೂರ್ತಿ ಬಿಡಿಸಿ, ಬಿಸಿಲಿಗೆ ಒಣಗಿಸಿ, ಇಸ್ತ್ರಿ ಹಾಕಿ. ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆ ಉಜ್ಜಿ. ಬಣ್ಣ ಹತ್ತಿದರೆ ಆ ಸೀರೆ ಮಗುವಿನದಕ್ಕೆ ಬೇಡ, ಬಾಯಿಗೆ ಹಾಕಿಕೊಳ್ಳುತ್ತೆ. ಅಂದಕ್ಕೆ ಅಂತ ಹೊಸ ಬಟ್ಟೆ ಸೇರಿಸೋದಾದರೆ ಅದನ್ನೂ ಹೀಗೇ ತೊಳೆಯಬೇಕು. ಹಳೇದು ಕುಗ್ಗಿ ಮುಗಿದಿರುತ್ತೆ, ಹೊಸದು ಆಮೇಲೆ ಕುಗ್ಗಿ ಉಳಿದ ಪದರಗಳನ್ನು ಎಳೆದು ಮುದುರಿಸುತ್ತೆ.

ಇನ್ನು ಉಬ್ಬಿನ ವಿಷಯ. ನಮ್ಮ ಕಡೆ ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ಒಳಗೆ ಬರುವವರು ಇದ್ದಾರೆ. ಕೈ ಪಳಗಿದ ಅಜ್ಜಿಯರು ಪ್ರತಿ ಸುತ್ತಿಗೂ ಅಂಗೈಯಲ್ಲಿ ಬಟ್ಟೆ ಸವರಿ ಸಮ ಮಾಡುತ್ತಾ ಬರೋದರಿಂದ ಅವರದು ಚಪ್ಪಟೆ ಇರುತ್ತೆ. ಹೊಸಬರು ಹಾಗೆ ಹೊಲಿದರೆ ಸಡಿಲವೆಲ್ಲ ನಡುವಿಗೆ ಸರಿಯುತ್ತೆ, ನಾಲ್ಕೂ ಕಡೆ ಹೊಲಿಗೆ ಬಿದ್ದಿರೋದರಿಂದ ಹೊರಗೆ ಹೋಗೋ ದಾರಿ ಇರಲ್ಲ. ನಿಮ್ಮದು ಉಬ್ಬಿದ್ದು ಬಹುಶಃ ಇದರಿಂದಲೇ. ಅದಕ್ಕೇ ನಡುವಿನಿಂದ ಹೊರಕ್ಕೆ ಹೋಗಿ.

ಬರಿ ನೆಲ ಒರೆಸಿ, ಕೆಳಗಿನ ತುಂಡಿನ ಹಿಂಬದಿ ಮೇಲೆ ಬರೋ ಹಾಗೆ ಹಾಸಿ, ನಾಲ್ಕು ಮೂಲೆಗೆ ತುಂಬಿದ ಡಬ್ಬಿ ಇಡಿ. ಒಂದೊಂದೇ ಪದರ ಹಾಸಿ ನಡುವಿನಿಂದ ಅಂಚಿಗೆ ಸವರಿ. ಆಮೇಲೆ ಕಚ್ಚಾ ಹೊಲಿಗೆ: ಬೇರೆ ಬಣ್ಣದ ದಾರದಲ್ಲಿ, ನಡುವಿನಿಂದ ನಾಲ್ಕು ಕಡೆಗೂ, ಎರಡು ಇಂಚು ಉದ್ದದ ಹೊಲಿಗೆ, ನಾಲ್ಕು ಇಂಚಿಗೊಂದು ಸಾಲು. ಇದಕ್ಕೆ ಒಂದು ತಾಸು ಹಿಡಿಯುತ್ತೆ, ಬೇಜಾರಿನ ಕೆಲಸ. ಆದರೆ ಕೌದಿ ಚಪ್ಪಟೆ ಇರುತ್ತೋ ಇಲ್ಲವೋ ಅನ್ನೋದು ಈ ತಾಸಿನಲ್ಲೇ ತೀರ್ಮಾನವಾಗುತ್ತೆ.

ಸೂಜಿ ಉದ್ದ, ತೆಳ್ಳಗಿರಲಿ. ಚೀಲ ಹೊಲಿಯೋ ದಬ್ಬಣ ಮಾಡಿದ ತೂತು ಮುಚ್ಚೋದೇ ಇಲ್ಲ. ದಾರ ಹತ್ತಿಯದೇ ಆಗಬೇಕು, ಪಾಲಿಸ್ಟರ್ ದಾರ ಹಳೇ ಬಟ್ಟೆಯನ್ನು ಹೊಲಿಗೆಯ ಗುಂಟ ಕೊಯ್ಯುತ್ತೆ. ಎರಡೆಳೆ ಮಾಡಿ, ಮೇಣದ ಮೇಲೊಮ್ಮೆ ಎಳೆದುಕೊಂಡರೆ ಸಿಕ್ಕಾಗಲ್ಲ. ಸೂಜಿಯಿಂದ ಗಂಟಿನವರೆಗೆ ಎರಡು ಅಡಿಗಿಂತ ಹೆಚ್ಚು ಬೇಡ. 40 ಇಂಚಿನ ಉದ್ದಕ್ಕೆ, ಇಂಚಿಗೊಂದರಂತೆ 35 ಸಾಲು ಬರುತ್ತೆ. ಎರಡೆಳೆಗೆ 100 ಮೀಟರ್ ದಾರ ಇಟ್ಟುಕೊಳ್ಳಿ. ಹೊಸಬರಿಗೆ ಸಾಲಿಗೆ ಹದಿನೈದು ನಿಮಿಷವಾದರೂ ಬೇಕು, ಹೆರಿಗೆಗೆ ಒಂದು ತಿಂಗಳಿರುವಾಗಲೇ ಕೂತರೆ ಅವಸರ ಇರಲ್ಲ.

ನಡುವಿನ ಸಾಲು ಮೊದಲು. ಆಮೇಲೆ ಎಡಕ್ಕೊಂದು, ಬಲಕ್ಕೊಂದು. ಒಂದೇ ಕಡೆ ಮುಗಿಸಿಕೊಂಡು ಬಂದರೆ ಕೌದಿ ಓರೆಯಾಗುತ್ತೆ. ಪ್ರತಿ ಹೊಲಿಗೆ ಕಾಲು ಇಂಚು ಮೀರಬಾರದು, ಉದ್ದ ಹೊಲಿಗೆಯಲ್ಲಿ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತೆ. ಗಂಟು ಹಾಕಿ ಸಣ್ಣಗೆ ಜಗ್ಗಿ ಪದರದೊಳಗೆ ಇಳಿಸಿ, ಮೇಲೂ ಕೆಳಗೂ ಗಂಟು ಕೈಗೆ ತಾಕಬಾರದು. ಸಾಲು ಮುಗಿದಾಗ ದಾರ ಕತ್ತರಿಸೋ ಮೊದಲು ಆ ಸಾಲನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಎಳೆಯಿರಿ. ದಾರ ಬಿಗಿಯಾಗಿದ್ದರೆ ಅಲ್ಲಿ ನೆರಿಗೆ ಬಿದ್ದಿರೋದು ಕಾಣುತ್ತೆ, ಎಳೆದಾಗ ಬಿಟ್ಟುಕೊಳ್ಳುತ್ತೆ. ಐದು ಸಾಲಿಗೊಮ್ಮೆ ತಿರುಗಿಸಿ ಹಿಂಬದಿ ನೋಡಿ. ಮಡಿಕೆ ಸೇರಿ ಹೊಲಿದಿದ್ದರೆ ಆಗಲೇ ಬಿಚ್ಚಬೇಕು.

ಎತ್ತಿಟ್ಟ ಅಂಚಿನ ಪಟ್ಟಿಯನ್ನು ಸುತ್ತ ಮಡಚಿ ಹೊಲಿಯಿರಿ. ಸುತ್ತಳತೆ 152 ಇಂಚು, ಮೂಲೆ ಮಡಿಕೆ ಸೇರಿ 160 ಹಿಡಿಯಿರಿ. ಸೀರೆಯ ಅಂಚು ಒತ್ತು ನೇಯ್ಗೆ, ಬೇಗ ಹರಿಯಲ್ಲ. ಜರಿ ಅಂಚಾದರೆ ಬೇರೆ ಬಟ್ಟೆಯ ಪಟ್ಟಿ. ಬಣ್ಣದ ತುಂಡು ಹಚ್ಚೋ ಮನಸ್ಸಿದ್ದರೆ ಅಂಚಿನ ಹತ್ತಿರ ಮಾತ್ರ ಹಚ್ಚಿ. ತುಂಡಿನ ಅಂಚು ಒಳಗೆ ಮಡಚಿದ ಜಾಗದಲ್ಲಿ ಆರು ಪದರವಾಗಿ ಸೂಜಿ ಬಾಗುತ್ತೆ. ಗುಂಡಿ, ಮಣಿ, ಕನ್ನಡಿ ಯಾವುದೂ ಬೇಡ. ಕೊಡುವಾಗ ತಂಗಿಗೆ ಒಂದು ಮಾತು ಹೇಳಿ: ಇದು ತೊಡೆ ಮೇಲೆ, ನೆಲದ ಮೇಲೆ ಹಾಸೋಕೆ. ವರ್ಷ ತುಂಬೋವರೆಗೂ ಮಲಗಿದ ಮಗುವಿನ ಮೇಲೆ ಹೊದಿಸೋದು ಬೇಡ, ಮುಖಕ್ಕೆ ಸರಿದರೆ ಉಸಿರಿಗೆ ತೊಂದರೆ.

ಮುಂದೆ ಅವ್ವನಿಗೂ ಒಂದು ಹೊಲಿಯೋದಾದರೆ ಲೆಕ್ಕ ಬೇರೆ. ಐದು ಅಡಿ ಅಗಲ, ಏಳು ಅಡಿ ಉದ್ದಕ್ಕೆ ಸೀರೆಯ ಅಗಲ ಸಾಲಲ್ಲ, 84 ಇಂಚಿನ ಎರಡು ತುಂಡು ಜೋಡಿಸಬೇಕು. ಹಾಗಾಗಿ ಪದರಕ್ಕೊಂದು ಸೀರೆ, ನಾಲ್ಕು ಪದರಕ್ಕೆ ನಾಲ್ಕು. ಜೋಡಣೆಗಳು ಒಂದರ ಮೇಲೊಂದು ಬಾರದಂತೆ ಪ್ರತಿ ಪದರದಲ್ಲೂ ಎರಡು ಮೂರು ಇಂಚು ಸರಿಸಿ. ಒದ್ದೆಯಾದಾಗ ಇದು ಬಹಳ ಭಾರ. ಹಗ್ಗದ ಮೇಲೆ ಜೋತುಬಿಟ್ಟರೆ ಹೊಲಿಗೆ ಎಳೆದುಕೊಂಡು ಕಡಿಯುತ್ತೆ, ಮಾಳಿಗೆಯ ಮೇಲೋ ಮಂಚದ ಮೇಲೋ ಹಾಸಿ, ಮಧ್ಯಾಹ್ನ ಒಮ್ಮೆ ಮಗುಚಿ ಹಾಕಿ.